"ಇಲ್ಲೊಂದು ಇದು ಆಗಿದೆ ಕಣೇ": ಎದೆ ಮತ್ತು ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಗೆ ಮನೆಯ ಹೆಂಗಸರನ್ನು ಹೊರಡಿಸುವುದು ಹೇಗೆ?

ನಮ್ಮ ಚಿಕ್ಕಮ್ಮ ನನಗೆ ವಿಷಯ ಹೇಳಿದ್ದು ಹೀಗೆ: "ಇಲ್ಲೊಂದು ಇದು ಆಗಿದೆ ಕಣೇ."

"ಎಲ್ಲಿ?"

"ಇಲ್ಲೇ. ಇದರಲ್ಲಿ."

ಕೈ ಮಾಡಿ ತೋರಿಸಲಿಲ್ಲ. ಗಲ್ಲವನ್ನು ಒಂಚೂರು ತಗ್ಗಿಸಿ ಎಡಕ್ಕೆ ವಾಲಿಸಿದರು, ಅಷ್ಟೇ. ಮಡಿಲಲ್ಲಿ ಹುರುಳಿಕಾಯಿ ಇತ್ತು. ನಾರು ತೆಗೆಯುವುದನ್ನೂ ನಿಲ್ಲಿಸಲಿಲ್ಲ. ಆ 'ಇದು' ಅವರ ಕೈಗೆ ಸಿಕ್ಕಿ ಆಗಲೇ ಹನ್ನೊಂದು ತಿಂಗಳಾಗಿತ್ತು. ನಡುವೆ ಮಗಳ ಮದುವೆ ಬಂತು, ಆಮೇಲೆ ಅಡಿಕೆ ಕೊಯ್ಲು, ಅದಾದ ಮೇಲೆ ಸೊಸೆಯ ಬಾಣಂತನ. ನೋವಂತೂ ಇರಲಿಲ್ಲ. ನೋವಿಲ್ಲದ್ದಕ್ಕೆ ಯಾರಾದರೂ ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಬಸ್ಸು ಹತ್ತುತ್ತಾರಾ?

ಕ್ಯಾನ್ಸರ್ ಅಂದರೇನು ಅಂತ ಚಿಕ್ಕಮ್ಮನಿಗೆ ಗೊತ್ತಿರಲಿಲ್ಲ ಅಂದುಕೊಳ್ಳಬೇಡಿ. ಟಿವಿಯಲ್ಲಿ ನೋಡಿದ್ದರು. ಪಕ್ಕದ ಊರಿನಲ್ಲಿ ಒಬ್ಬರು ಅದರಲ್ಲೇ ಹೋದದ್ದೂ ಗೊತ್ತಿತ್ತು. ಎಲ್ಲ ಗೊತ್ತಿತ್ತು, ಬಾಯಿಗೆ ಬರಲಿಲ್ಲ. ಅದಕ್ಕೇ ಈ ಮಾರ್ಗದರ್ಶಿಯನ್ನು ನಾನು ರೋಗದಿಂದ ಶುರು ಮಾಡುತ್ತಿಲ್ಲ, ಮಾತಿನಿಂದ ಶುರು ಮಾಡುತ್ತಿದ್ದೇನೆ. ನಾನು ಡಾಕ್ಟರಲ್ಲ. ಮನೆಯ ಮೂವರು ಹೆಂಗಸರನ್ನು ತಪಾಸಣೆಗೆ ಹೊರಡಿಸಿದವಳು, ನಾನೂ ಮಾಡಿಸಿಕೊಂಡವಳು. ಆ ಅನುಭವವನ್ನು ಹೇಳುತ್ತೇನೆ.

ಎರಡೇ ಎರಡು ಲೆಕ್ಕ ಮೊದಲೇ ಹೇಳಿಬಿಡುತ್ತೇನೆ. 2022ರ ಅಂದಾಜಿನ ಪ್ರಕಾರ ನಮ್ಮ ದೇಶದಲ್ಲಿ ಆ ಒಂದು ವರ್ಷದಲ್ಲಿ ಸುಮಾರು 1.92 ಲಕ್ಷ ಹೆಂಗಸರಿಗೆ ಎದೆಯ ಕ್ಯಾನ್ಸರ್, 1.27 ಲಕ್ಷ ಹೆಂಗಸರಿಗೆ ಗರ್ಭಕೊರಳಿನ ಕ್ಯಾನ್ಸರ್ ಹೊಸದಾಗಿ ಕಾಣಿಸಿಕೊಂಡಿದೆ. ಇನ್ನು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 30ರಿಂದ 49 ವಯಸ್ಸಿನ ಹೆಂಗಸರನ್ನು "ಯಾವತ್ತಾದರೂ ಪರೀಕ್ಷೆ ಮಾಡಿಸಿದ್ದೀರಾ?" ಅಂತ ಕೇಳಿದ್ದರು. ಗರ್ಭಕೊರಳಿನದಕ್ಕೆ ಹೌದು ಅಂದವರು ನೂರಕ್ಕೆ 1.9. ಎದೆಯದಕ್ಕೆ 0.9. ಅಂದರೆ ನೂರು ಜನರಲ್ಲಿ ಒಬ್ಬರೂ ಪೂರ್ತಿ ಇಲ್ಲ.

ಹೆಜ್ಜೆ 1: ಹೆಸರು ಹಿಡಿದು ಹೇಳಿ

ಕನ್ನಡದಲ್ಲಿ ಪದಗಳಿಲ್ಲ ಅಂತಲ್ಲ. 'ಮೊಲೆ' ಹಳೆಯ, ಒಳ್ಳೆಯ ಕನ್ನಡ ಪದ. ಮೊಲೆಹಾಲು ಅನ್ನುವಾಗ ಯಾರಿಗೂ ನಾಚಿಕೆ ಇಲ್ಲ. ಅದೇ ಪದವನ್ನು ಆಸ್ಪತ್ರೆಯಲ್ಲಿ ಆಡಿದರೆ ಬೈಗುಳ ಕೇಳಿದಂತೆ ಮುಖ ಮಾಡುತ್ತಾರೆ. 'ಸ್ತನ' ಅಂದರೆ ಹತ್ತನೇ ಕ್ಲಾಸಿನ ವಿಜ್ಞಾನ ಪುಸ್ತಕ. ಉಳಿದದ್ದು 'ಎದೆ'. ಇದರದ್ದು ಬೇರೆ ತಾಪತ್ರಯ. "ಎದೆಯಲ್ಲಿ ಏನೋ ಆಗ್ತಿದೆ" ಅಂದರೆ ಮೊದಲು ಇಸಿಜಿ ಮಾಡಿಸುತ್ತಾರೆ! ಹಾಗಾಗಿ 'ಗಂಟು' ಅನ್ನುವ ಪದವನ್ನು ಜೊತೆಗೆ ಸೇರಿಸಲೇಬೇಕು.

ಕೆಳಗಿನ ಭಾಗಕ್ಕೆ ಗರ್ಭಕೋಶ ಅನ್ನಿ, ಗರ್ಭಚೀಲ ಅನ್ನಿ. ಅದರ ಬಾಯಿಯ ಹತ್ತಿರದ ಸಣ್ಣ ಕುತ್ತಿಗೆಯಂಥ ಭಾಗವೇ ಗರ್ಭಕೊರಳು. ಡಾಕ್ಟರು ಅದನ್ನು ಸರ್ವಿಕ್ಸ್ ಅನ್ನುತ್ತಾರೆ. ಬಿಳಿ ಸೆರಗು, ಬಿಳಿ ಮುಟ್ಟು ಅಂದರೆ ಕರ್ನಾಟಕದ ಯಾವ ನರ್ಸಿಗೂ ಅರ್ಥವಾಗುತ್ತದೆ.

ಈ ಮಾತುಗಳನ್ನು ಮನೆಯಲ್ಲಿ ಒಂದು ಸಲ ಗಟ್ಟಿಯಾಗಿ ಹೇಳಿ ನೋಡಿ. ನಗು ಬರುತ್ತದೆ, ಬರಲಿ.

"ಎಡಗಡೆ ಎದೆಯಲ್ಲಿ ಒಂದು ಗಂಟು ಸಿಕ್ಕಿದೆ. ಒಂದೂವರೆ ತಿಂಗಳಾಯ್ತು. ನೋವಿಲ್ಲ."

"ಗಂಡನ ಜೊತೆ ಸೇರಿದ ಮೇಲೆ ರಕ್ತ ಕಾಣಿಸುತ್ತೆ."

"ಮುಟ್ಟು ನಿಂತು ನಾಲ್ಕು ವರ್ಷ ಆಗಿತ್ತು. ಈಗ ಮತ್ತೆ ಕಂಡಿದೆ."

"ಬಿಳಿ ಹೋಗುತ್ತೆ. ವಾಸನೆ ಇದೆ. ಒಂದೊಂದು ಸಲ ರಕ್ತ ಬೆರೆತಿರುತ್ತೆ."

ಅಷ್ಟೂ ಆಗದಿದ್ದರೆ ಚೀಟಿಯಲ್ಲಿ ಬರೆದುಕೊಂಡು ಹೋಗಿ ಮೇಜಿನ ಮೇಲೆ ಇಡಿ. ನಮ್ಮ ಅತ್ತೆ ಮಾಡಿದ್ದು ಅದೇ. ಡಾಕ್ಟರು ಓದಿದರು, ತಲೆ ಎತ್ತದೆ "ಯಾವಾಗಿಂದ?" ಅಂದರು. ಮಾತು ಶುರುವಾಯಿತು.

ಹೆಜ್ಜೆ 2: ಎರಡೂ ಬೇರೆ ಬೇರೆ ಅಂತ ತಿಳಿದುಕೊಳ್ಳಿ

ಗರ್ಭಕೊರಳಿನ ಕ್ಯಾನ್ಸರಿಗೆ ಹೆಚ್ಚೂ ಕಮ್ಮಿ ಎಲ್ಲರಲ್ಲೂ ಕಾರಣ ಒಂದೇ, ಎಚ್‌ಪಿವಿ ಅನ್ನುವ ವೈರಸ್. ಇದನ್ನು ಕಂಡುಹಿಡಿದ ಜರ್ಮನಿಯ ಹರಾಲ್ಡ್ ತ್ಸುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ಈ ವೈರಸ್ಸಿನಲ್ಲಿ ನೂರಾರು ಜಾತಿ. 16 ಮತ್ತು 18 ಅನ್ನುವ ಎರಡೇ ಜಾತಿಯಿಂದ ನೂರರಲ್ಲಿ ಸುಮಾರು 70 ಕ್ಯಾನ್ಸರ್ ಬರುತ್ತದೆ.

ವೈರಸ್ ಹರಡುವುದು ಲೈಂಗಿಕ ಸಂಪರ್ಕದಿಂದ. ಇಲ್ಲೇ ಎಲ್ಲರೂ ಎಡವುವುದು. "ಹಾಗಾದರೆ ನಡತೆ ಸರಿ ಇಲ್ಲದವರಿಗೆ ಬರೋದು" ಅಂತ ತೀರ್ಮಾನ ಕೊಟ್ಟುಬಿಡುತ್ತಾರೆ. ತಪ್ಪು. ಇಡೀ ಜೀವಮಾನದಲ್ಲಿ ಒಬ್ಬನೇ ಗಂಡನ ಜೊತೆ ಬಾಳಿದವಳಿಗೂ ಇದು ಬರಬಹುದು. ಸಂಸಾರ ಮಾಡಿದ ಬಹುತೇಕ ಎಲ್ಲರಿಗೂ ಯಾವಾಗಲೋ ಒಮ್ಮೆ ಈ ವೈರಸ್ ಬಂದು ಹೋಗಿರುತ್ತದೆ, ನೆಗಡಿಯ ಹಾಗೆ. ಹೆಚ್ಚಿನವರ ದೇಹ ಒಂದೆರಡು ವರ್ಷದಲ್ಲಿ ತಾನೇ ಅದನ್ನು ಓಡಿಸುತ್ತದೆ. ಕೆಲವರಲ್ಲಿ ಮಾತ್ರ ಬೀಡುಬಿಡುತ್ತದೆ. ಹಾಗೆ ಬೀಡುಬಿಟ್ಟದ್ದು ಕ್ಯಾನ್ಸರ್ ಆಗುವುದಕ್ಕೆ ಸಾಮಾನ್ಯವಾಗಿ ಹತ್ತು-ಹದಿನೈದು ವರ್ಷ ಬೇಕು. ಬೀಡಿ-ಸಿಗರೇಟಿನ ಹೊಗೆ, ಎಚ್‌ಐವಿ ಇದ್ದರೆ ಬೇಗ.

ಹತ್ತು ವರ್ಷ! ಅಷ್ಟು ದಿನ ಆ ರೋಗ ನಮಗೆ ಪುರಸೊತ್ತು ಕೊಡುತ್ತದೆ. ಒಂದು ಸಲ ಪರೀಕ್ಷೆ ಮಾಡಿಸಿದರೂ ಕ್ಯಾನ್ಸರ್ ಆಗುವ ಮೊದಲೇ ಹಿಡಿದು, ಆ ಚೂರನ್ನು ಸುಟ್ಟು ಅಥವಾ ಕತ್ತರಿಸಿ ತೆಗೆಯಬಹುದು. ಇಷ್ಟು ಸಮಯ ಕೊಡುವ ಕ್ಯಾನ್ಸರ್ ಇನ್ನೊಂದು ಸಿಗುವುದು ಕಷ್ಟ. ಇದರಿಂದ ಹೆಂಗಸರು ಸಾಯುತ್ತಿದ್ದಾರೆ ಅಂದರೆ ನನಗೆ ದುಃಖಕ್ಕಿಂತ ಸಿಟ್ಟು ಜಾಸ್ತಿ ಬರುತ್ತದೆ.

ಎದೆಯ ಕ್ಯಾನ್ಸರ್ ಹಾಗಲ್ಲ. ವೈರಸ್ ಇಲ್ಲ, ಲಸಿಕೆಯೂ ಇಲ್ಲ. ವಯಸ್ಸು, ತಡವಾದ ಮೊದಲ ಹೆರಿಗೆ, ಮುಟ್ಟು ನಿಂತ ಮೇಲಿನ ಬೊಜ್ಜು, ಮದ್ಯ, ಹೀಗೆ ಹಲವು ಸೇರುತ್ತವೆ. ಮನೆತನದಲ್ಲಿ ಬರುವುದು ನೂರಕ್ಕೆ ಐದರಿಂದ ಹತ್ತು ಮಾತ್ರ. "ನಮ್ಮ ವಂಶದಲ್ಲೇ ಇಲ್ಲ" ಅನ್ನುವ ಧೈರ್ಯಕ್ಕೆ ಅರ್ಥವಿಲ್ಲ. ಕಪ್ಪು ಬ್ರಾ ಹಾಕಿದರೆ ಬರುತ್ತದೆ, ರೋಗಿಯ ಜೊತೆ ಉಂಡರೆ ಅಂಟುತ್ತದೆ ಅನ್ನುವುದೆಲ್ಲ ಸುಳ್ಳು. ಇಲ್ಲಿ ನಮ್ಮ ಕೈಲಿರುವುದು ಬೇಗ ಕಂಡುಹಿಡಿಯುವುದು.

ಹೆಜ್ಜೆ 3: ನಿಮ್ಮ ಎದೆ ನಿಮ್ಮ ಕೈಗೆ ಪರಿಚಯವಿರಲಿ

ಮುಟ್ಟು ಶುರುವಾದ ಏಳರಿಂದ ಹತ್ತು ದಿನದ ಒಳಗೆ ಒಂದು ದಿನ ಇಟ್ಟುಕೊಳ್ಳಿ. ಆಗ ಎದೆ ಮೆತ್ತಗಿರುತ್ತದೆ, ಊತ ಇರುವುದಿಲ್ಲ. ಮುಟ್ಟು ನಿಂತವರು ತಿಂಗಳಿಗೊಂದು ಗೊತ್ತಾದ ತಾರೀಕು ಇಟ್ಟುಕೊಳ್ಳಲಿ. ಹುಣ್ಣಿಮೆ ಆಗಬಹುದು, ಕರೆಂಟ್ ಬಿಲ್ ಬರುವ ದಿನ ಆಗಬಹುದು. ಗೃಹಲಕ್ಷ್ಮಿ ದುಡ್ಡು ಬರುವ ದಿನ ಬೇಡ, ಅದು ಯಾವಾಗ ಬರುತ್ತದೆಂದು ನಂಬುವ ಹಾಗಿಲ್ಲ.

ಮೊದಲು ಕನ್ನಡಿ ಮುಂದೆ ರವಿಕೆ ತೆಗೆದು ನಿಲ್ಲಿ. ಕೈ ಕೆಳಗೆ ಬಿಟ್ಟು ನೋಡಿ, ಮೇಲೆತ್ತಿ ನೋಡಿ, ಸೊಂಟದ ಮೇಲೆ ಒತ್ತಿ ಇಟ್ಟು ನೋಡಿ. ಒಂದು ಎದೆ ಇನ್ನೊಂದಕ್ಕಿಂತ ಸ್ವಲ್ಪ ದೊಡ್ಡದಿರುವುದು ಸಹಜ. ಹುಡುಕಬೇಕಾದದ್ದು ಹೊಸ ಬದಲಾವಣೆ. ಚರ್ಮ ಎಲ್ಲಾದರೂ ಒಳಕ್ಕೆ ಕುಳಿ ಬಿದ್ದಿದೆಯಾ? ಕಿತ್ತಳೆ ಸಿಪ್ಪೆಯ ಹಾಗೆ ಒರಟಾಗಿದೆಯಾ? ಹಿಂದೆ ನೆಟ್ಟಗಿದ್ದ ತೊಟ್ಟು ಈಗ ಒಳಗೆ ಎಳೆದುಕೊಂಡಿದೆಯಾ? ರವಿಕೆಯಲ್ಲಿ ರಕ್ತದ ಕಲೆ? ತೊಟ್ಟಿನ ಸುತ್ತ ವಾಸಿಯಾಗದ ಕಜ್ಜಿ?

ಆಮೇಲೆ ಸ್ನಾನದ ಮನೆಯಲ್ಲಿ, ಸೋಪು ಹಚ್ಚಿದ ಕೈಯಲ್ಲಿ. ಎಡಗೈ ತಲೆಯ ಹಿಂದೆ, ಬಲಗೈಯ ನಡುವಿನ ಮೂರು ಬೆರಳು ಎಡ ಎದೆಯ ಮೇಲೆ. ಬೆರಳ ತುದಿಯಲ್ಲ, ತಿರುಳು. ಹಿಂಡಬೇಡಿ. ಹಿಂಡಿದರೆ ಯಾವ ಎದೆಯಲ್ಲಾದರೂ ಗಂಟು ಸಿಗುತ್ತದೆ. ಸಣ್ಣ ಸಣ್ಣ ಸುತ್ತು ಹಾಕುತ್ತಾ ಮೊದಲು ಹಗುರವಾಗಿ, ಆಮೇಲೆ ಸ್ವಲ್ಪ ಒತ್ತಿ, ಕೊನೆಗೆ ಪಕ್ಕೆಲುಬು ತಾಕುವಷ್ಟು ಒತ್ತಿ. ಮೇಲೆ ಕುತ್ತಿಗೆಯ ಮೂಳೆವರೆಗೆ, ಪಕ್ಕಕ್ಕೆ ಕಂಕುಳಿನ ಒಳಗಿನವರೆಗೆ. ಕಂಕುಳು ಮರೆಯಬೇಡಿ. ಗಂಟುಗಳು ಜಾಸ್ತಿ ಸಿಗುವುದೇ ಎದೆಯ ಮೇಲ್ಭಾಗ, ಕಂಕುಳ ಕಡೆಗೆ.

ಸಹಜವಾದ ಎದೆ ಕೈಗೆ ಹೇಗೆ ಸಿಗುತ್ತದೆ ಗೊತ್ತಾ? ತೆಳು ಬಟ್ಟೆಯ ಚೀಲದಲ್ಲಿ ಹೆಸರುಕಾಳು ತುಂಬಿದ ಹಾಗೆ, ಎಲ್ಲ ಕಡೆ ಒಂದೇ ಥರ ಹರಳು ಹರಳು. ಅದರ ಮಧ್ಯೆ ಒಂದು ಗಟ್ಟಿ ಅವರೆಕಾಳು ಸಿಕ್ಕಿತು, ಕಳೆದ ತಿಂಗಳು ಇರಲಿಲ್ಲ ಅಂದರೆ ಅದೇ ನೀವು ತೋರಿಸಬೇಕಾದದ್ದು. ಅಕ್ಕಿ ಆರಿಸಿದ ಕೈ ನಮ್ಮದು. ಒಂದು ಕಲ್ಲು ಗೊತ್ತಾಗದೆ ಇರುತ್ತದಾ?

ಒಂದು ವಿಷಯ ಮುಚ್ಚಿಡದೆ ಹೇಳಬೇಕು. ಹೀಗೆ ತಾವೇ ನೋಡಿಕೊಳ್ಳುವುದನ್ನು ಕಲಿಸಿದರೆ ಸಾವು ಕಡಿಮೆಯಾಗುತ್ತದಾ ಅಂತ ಚೀನಾದ ಶಾಂಘೈನಲ್ಲಿ 2.66 ಲಕ್ಷ ಹೆಂಗಸರ ಮೇಲೆ ದೊಡ್ಡ ಅಧ್ಯಯನ ನಡೆಯಿತು. 2002ರಲ್ಲಿ ಬಂದ ಫಲಿತಾಂಶ: ಕಡಿಮೆಯಾಗಲಿಲ್ಲ. ಆದ್ದರಿಂದ "ನಾನೇ ನೋಡಿಕೊಂಡೆ, ಏನೂ ಇಲ್ಲ" ಅಂತ ಸುಮ್ಮನಾಗಬೇಡಿ. ತರಬೇತಿ ಇರುವ ಕೈಯಿಂದ ಪರೀಕ್ಷೆ ಮಾಡಿಸಿಕೊಳ್ಳಲೇಬೇಕು. ಮುಂಬೈಯಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯವರು ಸುಮಾರು ಒಂದೂವರೆ ಲಕ್ಷ ಹೆಂಗಸರ ಮೇಲೆ ಇಪ್ಪತ್ತು ವರ್ಷ ನಡೆಸಿದ ಅಧ್ಯಯನದ ಕಥೆ ಬೇರೆ. ಅಲ್ಲಿ ಎರಡು ವರ್ಷಕ್ಕೊಮ್ಮೆ ಎದೆ ಮುಟ್ಟಿ ನೋಡಿದ್ದು ಡಾಕ್ಟರುಗಳಲ್ಲ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು. ಐವತ್ತು ದಾಟಿದ ಹೆಂಗಸರಲ್ಲಿ ಸಾವು ಹತ್ತಿರ ಹತ್ತಿರ ನೂರಕ್ಕೆ 30ರಷ್ಟು ಇಳಿಯಿತು. ಯಂತ್ರ ಇಲ್ಲ, ಎಕ್ಸ್‌ರೇ ಇಲ್ಲ.

ಮ್ಯಾಮೊಗ್ರಾಮ್, ಅಂದರೆ ಮೊಲೆಯ ಎಕ್ಸ್‌ರೇ, ಬೇಕಾ? ನಲವತ್ತು ದಾಟಿದ್ದರೆ, ಮಾಡಿಸುವ ಅನುಕೂಲ ಇದ್ದರೆ ಡಾಕ್ಟರನ್ನು ಕೇಳಿ ಮಾಡಿಸಿ. ಅವತ್ತು ಕಂಕುಳಿಗೆ ಪೌಡರ್, ಸೆಂಟು ಹಾಕಬೇಡಿ. ಪೌಡರಿನ ಕಣ ಫೋಟೋದಲ್ಲಿ ಬೇರೆ ಏನೋ ಥರ ಕಾಣಿಸುತ್ತದೆ. ಎದೆಯನ್ನು ಎರಡು ಹಲಗೆ ಮಧ್ಯೆ ಒತ್ತುತ್ತಾರೆ, ಕೆಲವು ಸೆಕೆಂಡು ಹಿಂಸೆ. ಚಿಕ್ಕ ವಯಸ್ಸಿನವರಿಗೆ ಸಾಮಾನ್ಯವಾಗಿ ಅಲ್ಟ್ರಾಸೌಂಡ್ ಮಾಡುತ್ತಾರೆ.

ಹೆಜ್ಜೆ 4: ಗರ್ಭಕೊರಳಿನ ಪರೀಕ್ಷೆ

ಮೂರು ಥರ ಇದೆ. ಸರ್ಕಾರಿ ವ್ಯವಸ್ಥೆಯಲ್ಲಿ ಸಾಮಾನ್ಯವಾಗಿ ಸಿಗುವುದು ವಿಐಎ, ಗರ್ಭಕೊರಳಿಗೆ ದ್ರಾವಣ ಹಚ್ಚಿ ಕಣ್ಣಲ್ಲೇ ನೋಡುವ ಪರೀಕ್ಷೆ, ಮೂವತ್ತು ದಾಟಿದವರಿಗೆ ಐದು ವರ್ಷಕ್ಕೊಮ್ಮೆ. ಖಾಸಗಿಯಲ್ಲಿ ಹೆಚ್ಚಾಗಿ ಪ್ಯಾಪ್ ಸ್ಮಿಯರ್, ಅಂದರೆ ಗರ್ಭಕೊರಳನ್ನು ಒರೆಸಿ ತೆಗೆದ ಜೀವಕೋಶವನ್ನು ಲ್ಯಾಬಿನಲ್ಲಿ ನೋಡುವುದು, ಮೂರು ವರ್ಷಕ್ಕೊಮ್ಮೆ. ಇನ್ನೊಂದು ಆ ವೈರಸ್ಸೇ ಇದೆಯಾ ಅಂತ ನೋಡುವ ಎಚ್‌ಪಿವಿ ಪರೀಕ್ಷೆ. ಮೂರರಲ್ಲಿ ಇದೇ ಚುರುಕು. ಸರಿ ಬಂದರೆ ಐದು ವರ್ಷ ನಿಶ್ಚಿಂತೆ. ಮುಟ್ಟು ನಿಂತವರಲ್ಲಿ ನೋಡಬೇಕಾದ ಭಾಗ ಒಳಕ್ಕೆ ಸರಿದಿರುತ್ತದೆ. ಹಾಗಾಗಿ ಅಮ್ಮ, ಅತ್ತೆಯರಿಗೆ ವಿಐಎಗಿಂತ ಪ್ಯಾಪ್ ಅಥವಾ ಎಚ್‌ಪಿವಿ ಒಳ್ಳೆಯದು. ಗರ್ಭಕೋಶ ತೆಗೆಸಿಕೊಂಡವರು ಕೊರಳನ್ನೂ ತೆಗೆದಿದ್ದಾರಾ, ಯಾಕೆ ತೆಗೆದರು ಅಂತ ಹಳೆಯ ಕಾಗದ ತೋರಿಸಿ ಕೇಳಬೇಕು.

ಒಳಗೆ ಏನು ಮಾಡುತ್ತಾರೆ ಅನ್ನುವ ಹೆದರಿಕೆಯೇ ದೊಡ್ಡದು. ಅದಕ್ಕೆ ನನಗಾದದ್ದನ್ನು ಹಾಗೇ ಹೇಳುತ್ತೇನೆ.

ಮೊದಲ ಸಲ ಹೋದ ಕಡೆ ಪರದೆಯೇ ಇರಲಿಲ್ಲ. ಬಾಗಿಲು ಅರ್ಧ ತೆರೆದಿತ್ತು, ಹೊರಗೆ ಸಾಲು. "ಬೇಗ ಬೇಗ ಮಲಗಮ್ಮ" ಅಂದರು. ನಾನು ಎದ್ದು ಬಂದೆ. ಅದು ತಪ್ಪು ಅಂತ ಈಗಲೂ ಅನ್ನಿಸುವುದಿಲ್ಲ. ಆದರೆ ಆಮೇಲೆ ಎರಡು ವರ್ಷ ಎಲ್ಲಿಗೂ ಹೋಗಲಿಲ್ಲವಲ್ಲ, ಅದು ತಪ್ಪು. ಪರದೆ ಎಳೆಯಿರಿ, ಬಾಗಿಲು ಹಾಕಿ, ಹೆಂಗಸರೊಬ್ಬರು ಜೊತೆಗಿರಲಿ ಅಂತ ಕೇಳುವ ಹಕ್ಕು ನಿಮಗಿದೆ. ಕೇಳಿ.

ಎರಡನೇ ಸಲ ತಾಲ್ಲೂಕು ಆಸ್ಪತ್ರೆ. ಸೀರೆ ಉಟ್ಟು ಹೋಗಿದ್ದೆ, ಅದೊಂದು ಜಾಣತನ. ಸೀರೆಯನ್ನು ಮೇಲೆತ್ತಿದರೆ ಆಯಿತು, ಚೂಡಿದಾರ ಆದರೆ ಪ್ಯಾಂಟು ಪೂರ್ತಿ ತೆಗೆಯಬೇಕು. ಎತ್ತರದ ಮಂಚ, ಮೊಣಕಾಲು ಮಡಚಿ ಅಗಲ ಮಾಡಿ ಮಲಗಬೇಕು. ನರ್ಸ್ ಬಾತುಕೋಳಿಯ ಕೊಕ್ಕಿನಂಥ ಒಂದು ಸಾಧನ ತೋರಿಸಿ, "ಇದನ್ನ ಹಾಕ್ತೀನಿ, ತಣ್ಣಗಿರುತ್ತೆ, ಸೊಂಟ ಸಡಿಲ ಬಿಡಿ, ಉದ್ದ ಉಸಿರು ಬಿಡಿ" ಅಂದರು. ತಣ್ಣಗೇ ಇತ್ತು. ನೋವಲ್ಲ, ಬಿಗಿತ. ಆಮೇಲೆ ಹತ್ತಿಯಲ್ಲಿ ಏನೋ ಹಚ್ಚಿದರು, ಸ್ವಲ್ಪ ಚುರುಗುಟ್ಟಿತು. ಕೋಣೆಯೆಲ್ಲ ಗೋಬಿ ಮಂಚೂರಿ ಗಾಡಿಯ ವಾಸನೆ! ಆಶ್ಚರ್ಯವಿಲ್ಲ, ಅದು ವಿನೆಗರೇ. ನೂರಕ್ಕೆ 3ರಿಂದ 5ರಷ್ಟು ತೀವ್ರತೆಯ ಅಸಿಟಿಕ್ ಆಮ್ಲ. ಒಂದು ನಿಮಿಷ ಕಾಯುತ್ತಾರೆ. ಹಾಳಾಗಲು ಶುರುವಾದ ಭಾಗ ಇದ್ದರೆ ಬೆಳ್ಳಗೆ ತಿರುಗುತ್ತದೆ. ಟಾರ್ಚ್ ಬಿಟ್ಟು ನೋಡಿದರು. "ಚೆನ್ನಾಗಿದೆ, ಏಳಿ." ಎಲ್ಲ ಸೇರಿ ಐದು ನಿಮಿಷ. ನಾನು ಸಾಲಿನಲ್ಲಿ ಕಾದದ್ದು ಎರಡು ಗಂಟೆ.

ಈ ವಿನೆಗರ್ ಪರೀಕ್ಷೆಯೇ ವಿಐಎ. ಇದನ್ನು ಹಗುರ ಮಾಡಬೇಡಿ. ಅದೇ ಮುಂಬೈ ಅಧ್ಯಯನದಲ್ಲಿ ಇದರಿಂದ ಗರ್ಭಕೊರಳಿನ ಕ್ಯಾನ್ಸರ್ ಸಾವು ನೂರಕ್ಕೆ 31ರಷ್ಟು ಇಳಿದಿತ್ತು.

ಹೋಗುವ ಮುಂಚೆ ಇಷ್ಟು ಗಮನಿಸಿ. ಮುಟ್ಟಿನ ದಿನಗಳಲ್ಲಿ ಬೇಡ. ಎರಡು ದಿನ ಮೊದಲಿಂದ ಗಂಡ ಹೆಂಡತಿ ಸೇರುವುದು ಬೇಡ, ಒಳಗೆ ಇಡುವ ಮಾತ್ರೆ, ಮುಲಾಮು ಬೇಡ. ಡೆಟಾಲ್ ಹಾಕಿ ಒಳಗೆಲ್ಲ ತೊಳೆದುಕೊಂಡು ಹೋಗಬೇಡಿ. ಅದನ್ನು ಬೇರೆ ದಿನವೂ ಮಾಡಬಾರದು.

ಹೆಜ್ಜೆ 5: ಅತ್ತೆಯನ್ನು ಒಪ್ಪಿಸುವುದು

ಇದು ಪರೀಕ್ಷೆಗಿಂತ ಕಷ್ಟ. ನನಗೆ ಒಂದೂವರೆ ವರ್ಷ ಹಿಡಿಯಿತು.

"ಕ್ಯಾನ್ಸರ್ ಪರೀಕ್ಷೆ ಮಾಡಿಸೋಣ ಬನ್ನಿ" ಅಂದರೆ ಯಾರೂ ಬರುವುದಿಲ್ಲ. "ನನಗೇನಾಗಿದೆ? ಇಲ್ಲದ್ದನ್ನ ಎಳೆದು ತರ್ತೀಯಾ?" ಹೆಸರು ಹೇಳಿದರೆ ಬಂದೇಬಿಡುತ್ತದೆ ಅನ್ನುವ ಭಯ ಅದು. ಬೈದರೆ ಹೋಗುವುದಿಲ್ಲ. ನಾನು "ಬಿಪಿ, ಶುಗರ್ ನೋಡಿಸೋಣ" ಅಂತ ಕರೆದೆ. ಅದು ಸುಳ್ಳೂ ಅಲ್ಲ. ಸರ್ಕಾರದ ಕಾರ್ಯಕ್ರಮದಲ್ಲಿ ಮೂವತ್ತು ದಾಟಿದವರಿಗೆ ಬಿಪಿ, ಶುಗರ್, ಬಾಯಿ, ಎದೆ, ಗರ್ಭಕೊರಳು ಎಲ್ಲವನ್ನೂ ಒಟ್ಟಿಗೇ ನೋಡಬೇಕು ಅಂತಲೇ ಇದೆ. ಆದರೆ ಅಲ್ಲಿಗೆ ಹೋದ ಮೇಲೆ ಏನೇನು ನೋಡುತ್ತಾರೆ ಅಂತ ಪೂರ್ತಿ ಹೇಳಿ ಒಪ್ಪಿಗೆ ಪಡೆಯಿರಿ. ಮೋಸದಿಂದ ಮಂಚ ಹತ್ತಿಸಿದರೆ ಇನ್ನೊಂದು ಸಲ ಬರುವುದಿಲ್ಲ.

"ಈ ವಯಸ್ಸಲ್ಲಿ ಯಾರಿಗೆ ತೋರಿಸಲಿ?" ಅಂದರೆ, ಲೇಡಿ ಡಾಕ್ಟರ್ ಯಾವ ದಿನ ಇರುತ್ತಾರೆ ಅಂತ ಮೊದಲೇ ವಿಚಾರಿಸಿಕೊಂಡು ಆ ದಿನವೇ ಕರೆದುಕೊಂಡು ಹೋಗಿ. ಇದಕ್ಕೆ ವಾದ ಮಾಡಬೇಡಿ. ಆ ನಾಚಿಕೆ ನಿಜ.

"ಕ್ಯಾನ್ಸರ್ ಅಂದರೆ ಹೋದ ಹಾಗೇ, ಗೊತ್ತಾಗಿ ಏನು?" ಅನ್ನುವವರಿಗೆ ಅಂಕಿ ಅಂಶ ನಾಟುವುದಿಲ್ಲ. ಬದುಕಿರುವವರನ್ನು ತೋರಿಸಿ. ನಿಮ್ಮ ಊರಲ್ಲೇ ಇದ್ದಾರೆ, ಹೇಳಿಕೊಳ್ಳುವುದಿಲ್ಲ ಅಷ್ಟೇ. ನಾನು ಅತ್ತೆಯನ್ನು ಚಿಕ್ಕಮ್ಮನ ಮನೆಗೆ ಕರೆದುಕೊಂಡು ಹೋದೆ. ಇಬ್ಬರೂ ಒಂದು ಗಂಟೆ ಕಾಫಿ ಕುಡಿದರು. ಏನು ಮಾತಾಡಿದರೋ ಗೊತ್ತಿಲ್ಲ. ಬಸ್ಸಿನಲ್ಲಿ ಅತ್ತೆ, "ಮುಂದಿನ ವಾರ ಯಾವತ್ತು ಹೋಗೋದು?" ಅಂದರು.

ಸಂಘದ ಮೀಟಿಂಗ್ ಇದ್ದರೆ ಇನ್ನೂ ಸುಲಭ. ಐದಾರು ಜನ ಒಟ್ಟಿಗೆ ಹೊರಟರೆ ನಾಚಿಕೆ ಹಂಚಿಹೋಗುತ್ತದೆ. ಊರ ಜಾತ್ರೆಗೆ ಗುಂಪಿನಲ್ಲಿ ಹೋಗುವುದಿಲ್ಲವಾ, ಹಾಗೇ.

ಗಂಡಸರಿಗೆ ಒಂದು ಮಾತು. ನಿಮ್ಮ ಕೆಲಸ ಆ ದಿನ ಅಡುಗೆ, ದನ, ಮಗು ನೋಡಿಕೊಳ್ಳುವುದು. ಉಪದೇಶ ಬೇಡ.

ಹೆಜ್ಜೆ 6: ಎಲ್ಲಿಗೆ, ಏನು ತೆಗೆದುಕೊಂಡು

ಮೊದಲು ನಿಮ್ಮ ಆಶಾ ಕಾರ್ಯಕರ್ತೆಯನ್ನು ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಕೇಳಿ. ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳಲ್ಲಿ ಎನ್‌ಸಿಡಿ ಕ್ಲಿನಿಕ್, ಅಂದರೆ ಬಿಪಿ, ಶುಗರ್, ಕ್ಯಾನ್ಸರಿನಂಥ ಅಂಟದ ರೋಗಗಳ ವಿಭಾಗ, ಇರುತ್ತದೆ. ಹೊರರೋಗಿ ಚೀಟಿ ಮಾಡಿಸುವಾಗ ಹಾಗೇ ಕೇಳಿ. ಏನೂ ತಿಳಿಯದಿದ್ದರೆ 104ಕ್ಕೆ ಫೋನ್ ಮಾಡಿ. ಆಧಾರ್, ರೇಷನ್ ಕಾರ್ಡ್, ಹಳೆಯ ರಿಪೋರ್ಟು ಜೊತೆಗಿರಲಿ. ಕರ್ನಾಟಕದ ಒಳಗೆ ಸಾಮಾನ್ಯ ಸರ್ಕಾರಿ ಬಸ್ಸಾದರೆ ಹೆಂಗಸರಿಗೆ ಶಕ್ತಿ ಯೋಜನೆ ಇದ್ದೇ ಇದೆ, ಟಿಕೆಟ್ಟಿನ ಚಿಂತೆ ಇಲ್ಲ.

ದೊಡ್ಡ ಆಸ್ಪತ್ರೆ ಬೇಕಾದರೆ ಬೆಂಗಳೂರಿನಲ್ಲಿ ಕಿದ್ವಾಯಿ ಇದೆ, 1973ರಿಂದ. ಅದರದೇ ಒಂದು ಕೇಂದ್ರ ಕಲಬುರಗಿಯಲ್ಲಿದೆ. ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆ ಇದೆ. ಆದರೆ ಬರೀ ತಪಾಸಣೆಗೆ ಅಷ್ಟು ದೂರ ಹೋಗಬೇಕಿಲ್ಲ.

ಹೆಜ್ಜೆ 7: ರಿಪೋರ್ಟ್ ಬಂದ ಮೇಲೆ

ಗಂಟು ಸಿಕ್ಕಿದರೆ ಅದು ಕ್ಯಾನ್ಸರೇ ಅಂತಲ್ಲ. ಹೆಚ್ಚಿನ ಗಂಟುಗಳು ಅಲ್ಲ. ಆದರೆ ಮುಟ್ಟಿ ನೋಡಿ "ಏನೂ ಇಲ್ಲ ಹೋಗಿ" ಅಂದರೆ ಒಪ್ಪಬೇಡಿ. ಮೂರು ಆಗಬೇಕು: ಕೈ ಪರೀಕ್ಷೆ, ಸ್ಕ್ಯಾನಿಂಗ್ ಅಥವಾ ಮ್ಯಾಮೊಗ್ರಾಮ್, ಅನುಮಾನ ಉಳಿದರೆ ಸೂಜಿ ಹಾಕಿ ಚೂರು ತೆಗೆಯುವ ಬಯಾಪ್ಸಿ. "ಸೂಜಿ ಚುಚ್ಚಿದರೆ ಹರಡುತ್ತೆ" ಅನ್ನುವ ಮಾತು ಎಲ್ಲ ಕಡೆ ಇದೆ. ಅದನ್ನು ನಂಬಿ ಬಯಾಪ್ಸಿ ಬಿಟ್ಟವರಿಗೆ ಆದ ನಷ್ಟವೇ ದೊಡ್ಡದು.

ಇನ್ನೂ ಮುಖ್ಯವಾದದ್ದು: ಬಯಾಪ್ಸಿ ಇಲ್ಲದೆ ಸಣ್ಣ ನರ್ಸಿಂಗ್ ಹೋಮಿನಲ್ಲಿ "ಸುಮ್ನೆ ಗಂಟು ತೆಗೆದುಬಿಡೋಣ" ಅಂದರೆ ತೆಗೆಸಬೇಡಿ. ಅದು ಕ್ಯಾನ್ಸರ್ ಆಗಿದ್ದರೆ ಮುಂದಿನ ಚಿಕಿತ್ಸೆಯೆಲ್ಲ ಗೋಜಲಾಗುತ್ತದೆ. ತೆಗೆದರಂತೂ ತೆಗೆದದ್ದನ್ನು ಲ್ಯಾಬಿಗೆ ಕಳಿಸಿದರಾ ಅಂತ ಕೇಳಿ, ರಿಪೋರ್ಟ್ ಕೈಗೆ ತೆಗೆದುಕೊಳ್ಳಿ. ಎದೆ ಪೂರ್ತಿ ತೆಗೆಯಲೇಬೇಕು ಅಂತಲೂ ಇಲ್ಲ. ಬೇಗ ಸಿಕ್ಕಿದರೆ ಗಂಟನ್ನಷ್ಟೇ ತೆಗೆದು ರೇಡಿಯೇಶನ್ ಕೊಡುವುದುಂಟು.

ವಿಐಎಯಲ್ಲಿ ಬಿಳಿ ಕಂಡರೂ ಕ್ಯಾನ್ಸರ್ ಅಂತಲ್ಲ. ಕಾಲ್ಪೋಸ್ಕೋಪ್ ಅನ್ನುವ ಭೂತಗನ್ನಡಿಯಲ್ಲಿ ನೋಡುತ್ತಾರೆ, ಬೇಕಾದರೆ ಚೂರು ತೆಗೆಯುತ್ತಾರೆ. ಆರಂಭದ್ದಾದರೆ ಸುಟ್ಟು ಅಥವಾ ತಂಪಿನಿಂದ ಕೊಂದು ಅವತ್ತೇ ಮನೆಗೆ ಕಳಿಸುತ್ತಾರೆ.

ಇಲ್ಲೊಂದು ಎಚ್ಚರಿಕೆ. "ಬಿಳಿ ಸೆರಗು ಜಾಸ್ತಿ ಇದೆ, ಮುಂದೆ ಕ್ಯಾನ್ಸರ್ ಆಗುತ್ತೆ, ಗರ್ಭಕೋಶ ತೆಗೆಸಿಬಿಡಿ" ಅಂತ ಹೆದರಿಸಿದರೆ ಎದ್ದು ಬನ್ನಿ. ಕಲಬುರಗಿ, ಹಾವೇರಿ ಕಡೆ ಲಂಬಾಣಿ ತಾಂಡಾಗಳ ಎಷ್ಟೋ ಹೆಣ್ಣುಮಕ್ಕಳ ಗರ್ಭಕೋಶ ಹೀಗೇ ಅನಗತ್ಯವಾಗಿ ಹೋಗಿ, ಹೋರಾಟ, ತನಿಖೆ ಎಲ್ಲ ಆಯಿತು. ಬಿಳಿ ಸೆರಗಿಗೆ ಹೆಚ್ಚಿನ ಸಲ ಮಾತ್ರೆ ಸಾಕು. ಕ್ಯಾನ್ಸರ್ ಅನುಮಾನವಿದ್ದರೆ ಬಯಾಪ್ಸಿ ರಿಪೋರ್ಟ್ ತೋರಿಸಲಿ. ಭಯ ಹುಟ್ಟಿಸಿ ಆಪರೇಷನ್ ಮಾಡುವವರಿಗೂ ನಮ್ಮ ತಿಳಿವಳಿಕೆ ಇಲ್ಲದಿರುವುದೇ ಬಂಡವಾಳ.

ದುಡ್ಡಿನ ವಿಷಯ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ನೂರಕ್ಕೆ 30ರಷ್ಟು, ವರ್ಷಕ್ಕೆ 1.5 ಲಕ್ಷದವರೆಗೆ. ಖಾಸಗಿಗೆ ಹೋಗುವುದಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಕಾಗದ ಬೇಕಾಗುತ್ತದೆ. ದಾಖಲಾಗುವ ಮುಂಚೆಯೇ ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯಮಿತ್ರರನ್ನು ನೋಡಿ. ಬಿಲ್ ಕಟ್ಟಿದ ಮೇಲೆ ಕೇಳಿದರೆ ಕೆಲಸ ಆಗುವುದು ಕಷ್ಟ.

ನಾಟಿ ಔಷಧಿಯ ಬಗ್ಗೆಯೂ ಹೇಳಲೇಬೇಕು. ಚಿಕ್ಕಮ್ಮನೂ ರಾತ್ರಿಯಿಡೀ ಒಂದು ಕಡೆ ಸಾಲಿನಲ್ಲಿ ನಿಂತು ಚಕ್ಕೆಯ ಪುಡಿ ತಂದಿದ್ದರು. ಅಲ್ಲಿಗೆ ಹೋಗುವವರನ್ನು ಗೇಲಿ ಮಾಡುವ ಮನಸ್ಸು ನನಗಿಲ್ಲ, ಅಲ್ಲಿ ಯಾರೂ ಅವರನ್ನು ಗದರಿಸುವುದಿಲ್ಲ. ನನ್ನ ತಕರಾರು ಕಳೆದುಹೋಗುವ ತಿಂಗಳುಗಳ ಬಗ್ಗೆ. ಹರಕೆ ಹೊತ್ತುಕೊಳ್ಳಿ, ದೇವರಿಗೆ ಕೈ ಮುಗಿಯಿರಿ, ಬಯಾಪ್ಸಿಯ ತಾರೀಕು ಮಾತ್ರ ಮುಂದೂಡಬೇಡಿ. ಏನೇ ಪುಡಿ, ಕಷಾಯ ತೆಗೆದುಕೊಳ್ಳುತ್ತಿದ್ದರೂ ಡಾಕ್ಟರಿಗೆ ಹೇಳಿ.

ಚಿಕ್ಕಮ್ಮನಿಗೆ ಕೀಮೋ, ಆಪರೇಷನ್, ರೇಡಿಯೇಶನ್ ಮೂರೂ ಆಯಿತು. ಕಂಕುಳಿನವರೆಗೆ ಹೋಗಿತ್ತು. ಹನ್ನೊಂದು ತಿಂಗಳ ಬೆಲೆ ಅದು. ಕೂದಲು ಉದುರಿ, ಮತ್ತೆ ಬಂದಾಗ ಗುಂಗುರಾಗಿತ್ತು. ಜೀವಮಾನದಲ್ಲಿ ಇಲ್ಲದ ಗುಂಗುರು! ನಾಲ್ಕು ವರ್ಷವಾಯಿತು. ಈಗ ಎಡಗೈಯಲ್ಲಿ ಭಾರ ಎತ್ತುವುದಿಲ್ಲ, ಉಳಿದ ಕೆಲಸ ಎಲ್ಲ ಮಾಡುತ್ತಾರೆ.

ಹೆಜ್ಜೆ 8: ಮಗಳಿಗೆ ಲಸಿಕೆ

ಎಚ್‌ಪಿವಿ ಲಸಿಕೆಯನ್ನು 9ರಿಂದ 14 ವಯಸ್ಸಿನಲ್ಲಿ ಹಾಕಿಸುವುದು ಒಳ್ಳೆಯದು, ಆರು ತಿಂಗಳ ಅಂತರದಲ್ಲಿ ಎರಡು ಡೋಸ್. 15 ತುಂಬಿದ ಮೇಲಾದರೆ ಮೂರು. ಒಂದೇ ಡೋಸ್ ಕೂಡ ರಕ್ಷಣೆ ಕೊಡುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ಪುಣೆಯ ಸೀರಂ ಸಂಸ್ಥೆಯ ಸರ್ವವ್ಯಾಕ್ ನಮ್ಮ ದೇಶದ್ದೇ. ಹೊರಗಿನ ಗಾರ್ಡಸಿಲ್ 9 ಅದಕ್ಕಿಂತ ಹಲವು ಪಟ್ಟು ದುಬಾರಿ. ದುಡ್ಡು ಕೊಟ್ಟು ಹಾಕಿಸುವ ಮೊದಲು ನಿಮ್ಮ ಕಡೆ ಸರ್ಕಾರದಿಂದ ಉಚಿತವಾಗಿ ಸಿಗುತ್ತದಾ ಅಂತ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ.

"ಇಷ್ಟು ಚಿಕ್ಕ ಹುಡುಗಿಗೆ ಅದೆಲ್ಲ ಯಾಕೆ?" ಅಂತ ಅಜ್ಜಿ ಕೇಳಿಯೇ ಕೇಳುತ್ತಾರೆ. ವೈರಸ್ ಒಳಗೆ ಬರುವ ಮೊದಲು ಹಾಕಿದರಷ್ಟೇ ಪೂರ್ತಿ ಪ್ರಯೋಜನ. ಮಳೆ ಬಂದ ಮೇಲೆ ಹೆಂಚು ಹೊದಿಸುತ್ತೀವಾ? ಮಕ್ಕಳಾಗುವುದಿಲ್ಲ ಅನ್ನುವ ವಾಟ್ಸಾಪ್ ಮೆಸೇಜಿಗೆ ಆಧಾರವಿಲ್ಲ. ಲಸಿಕೆ ಹಾಕಿಸಿಕೊಂಡ ಹುಡುಗಿಯೂ ಮೂವತ್ತಾದ ಮೇಲೆ ತಪಾಸಣೆ ಮಾಡಿಸಬೇಕು, ಇದನ್ನು ಮರೆಯುವವರೇ ಜಾಸ್ತಿ.

ಕೊನೆಯದು, ತಾರೀಕು ಬರೆದಿಡಿ

ಎಲ್ಲ ಸರಿ ಇದೆ ಅಂತ ಬಂದರೆ ಖುಷಿಯಲ್ಲಿ ಕಾಗದವನ್ನು ಎಲ್ಲೋ ಎಸೆಯುತ್ತೇವೆ. ಎಸೆಯಬೇಡಿ. ಐದು ವರ್ಷದ ನಂತರದ ತಿಂಗಳನ್ನು ಕ್ಯಾಲೆಂಡರಿನಲ್ಲಿ ಬರೆದರೆ ಪ್ರಯೋಜನವಿಲ್ಲ, ಅದು ವರ್ಷದ ಕೊನೆಗೆ ಬೀರುವಿನ ತಳಕ್ಕೆ ಹಾಸಲು ಹೋಗುತ್ತದೆ. ಮೊಬೈಲೂ ಬದಲಾಗುತ್ತದೆ. ನಮ್ಮ ಮನೆಯಲ್ಲಿ ಗ್ಯಾಸ್ ಪುಸ್ತಕದ ರಟ್ಟಿನ ಒಳಬದಿಯಲ್ಲಿ ಬರೆದಿದ್ದೇವೆ. ನನ್ನದು, ಅತ್ತೆಯದು, ಮಗಳ ಎರಡನೇ ಡೋಸಿನದು. ಮೊನ್ನೆ ನೋಡಿದರೆ ಅದರ ಕೆಳಗೆ ಇನ್ನೊಂದು ಹೆಸರು ಸೇರಿತ್ತು, ಅತ್ತೆಯ ಓರೆ ಅಕ್ಷರದಲ್ಲಿ. ಪಕ್ಕದ ಮನೆಯವರದ್ದು. ಅವರಿಗೆ ಗ್ಯಾಸ್ ಪುಸ್ತಕ ಇಲ್ಲವಂತೆ.